ಚರ್ಚಿಗೂ ಬೇಡ, ಪಬ್ಬಿಗೂ ಬೇಡ... ಆದರೂ ಉಳಿದ ಹಾಡುಗಳು!



ನಮ್ಮ ಕನ್ನಡ ಸ್ಲಾಟಿಗೆ ಬರುವ ಕೋರಿಕೆಗಳೆಂದರೆ ಗೊತ್ತೇ ಇದೆಯಲ್ಲ. ಅಣ್ಣಾವ್ರು, ಪಿ.ಬಿ.ಎಸ್., ಎಸ್ಪಿಬಿ, ಜಾನಕಮ್ಮ, ಭಾವಗೀತೆ ಬೇಕೆಂದವರಿಗೆ ಅಶ್ವತ್ಥ್. ಇವುಗಳ ನಡುವೆ ಮಣಿಕೊಂಡದಿಂದ ಬೇರೆಯದೇ ಒಂದು ಕೋರಿಕೆ ಬಂತು. ಕೇಳಿದವರ ಊರು ಮಂಗಳೂರು ಕಡೆ, ಕೆಲಸ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ, ವಯಸ್ಸು ಐವತ್ತರ ಆಸುಪಾಸು. "ಪೆಟ್ರಾದ್ದು ಒಂದು ಹಾಡು ಹಾಕ್ತೀರಾ?" ಅಂದರು. ಕನ್ನಡ ಸ್ಲಾಟಿನಲ್ಲಿ ಇಂಗ್ಲಿಷ್ ಹಾಡು ಹಾಕಲಾಗದು ಎಂಬುದು ಅವರಿಗೂ ಗೊತ್ತು. ಕೊನೆಗೆ ಅವರೇ ನಕ್ಕು, "ಬಿಡಿ, ಇದನ್ನ ಯಾವ ಸ್ಟೇಷನ್ನಿನವರೂ ಹಾಕಲ್ಲ" ಎಂದರು.

ಆ ಮಾತು ಮನಸ್ಸಿನಲ್ಲೇ ಉಳಿಯಿತು. ನಲವತ್ತು ವರ್ಷ ಹಿಂದಿನ, ರೇಡಿಯೊಗಳು ದೂರವೇ ಇಟ್ಟ ಹಾಡುಗಳನ್ನು ಜನ ಇನ್ನೂ ಹೀಗೆ ಎದೆಗೆ ಅವಚಿಕೊಂಡಿರುವುದು ಯಾಕೆ? ಹಾಡು ಹಾಕಲಾಗದಿದ್ದರೇನಂತೆ, ಹಾಡಿನ ಕಥೆಯನ್ನಾದರೂ ಹೇಳೋಣ.

ಕ್ರಿಶ್ಚಿಯನ್ ರಾಕ್ ಅಂದರೆ ಭಾನುವಾರ ಚರ್ಚಿನಲ್ಲಿ ಆರ್ಗನ್ ಜೊತೆ ಹಾಡುವ ಕೀರ್ತನೆ ಅಲ್ಲ. ಡ್ರಮ್ಸು, ಬೇಸ್ ಗಿಟಾರು, ಕಿವಿ ಕೊರೆಯುವ ಲೀಡ್ ಗಿಟಾರು, ಉದ್ದ ಕೂದಲು, ಎಲ್ಲವೂ ರಾಕ್ ಬ್ಯಾಂಡಿನದೇ. ಸಾಹಿತ್ಯ ಮಾತ್ರ ಯೇಸುವಿನದು, ಬೈಬಲಿನದು. ಇದು ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹಿಪ್ಪಿಗಳಲ್ಲಿ ಒಂದಷ್ಟು ಜನ ಗಾಂಜಾ ಬಿಟ್ಟು ಬೈಬಲ್ ಹಿಡಿದರು. ಆದರೆ ಗಿಟಾರ್ ಬಿಡಲಿಲ್ಲ! ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ ಎಂಬ ಚರ್ಚು ಈ ಬರಿಗಾಲ ಹುಡುಗರನ್ನು ಒಳಗೆ ಕರೆದುಕೊಂಡಿತು. ಅಲ್ಲಿಂದಲೇ 1971ರಲ್ಲಿ ಮಾರನಾಥಾ ಮ್ಯೂಸಿಕ್ ಎಂಬ ಕಂಪನಿ ಶುರುವಾಯಿತು. ಅದಕ್ಕೂ ಮೊದಲೇ, 1969ರಲ್ಲಿ, ಲ್ಯಾರಿ ನಾರ್ಮನ್ ಎಂಬ ಉದ್ದ ಹೊಂಬಣ್ಣದ ಕೂದಲಿನ ಯುವಕ 'ಅಪಾನ್ ದಿಸ್ ರಾಕ್' ಎಂಬ ಆಲ್ಬಮ್ ತಂದಿದ್ದ. ಮೊದಲ ಕ್ರಿಶ್ಚಿಯನ್ ರಾಕ್ ಆಲ್ಬಮ್ ಎಂದು ಬಹಳ ಜನ ಬೊಟ್ಟು ಮಾಡುವುದು ಇದಕ್ಕೇ. ಹೊರತಂದದ್ದು ಕ್ಯಾಪಿಟಲ್ ರೆಕಾರ್ಡ್ಸ್, ಅಮೆರಿಕದಲ್ಲಿ ಬೀಟಲ್ಸ್ ರೆಕಾರ್ಡು ಮಾರುತ್ತಿದ್ದ ಅದೇ ಕಂಪನಿ. ಆಲ್ಬಮ್ ಹೆಚ್ಚು ಮಾರಾಟವಾಗಲಿಲ್ಲ, ಕಂಪನಿ ಅವನನ್ನು ಕೈಬಿಟ್ಟಿತು.

ತಮಾಷೆ ಶುರುವಾಗುವುದು ಇಲ್ಲೇ ನೋಡಿ. ಈ ಹಾಡುಗಳಿಗೆ ಎರಡೂ ಕಡೆಯಿಂದ ಬೈಗುಳ. ಚರ್ಚಿನ ಹಿರಿಯರಿಗೆ ಆ ಡ್ರಮ್ಸಿನ ತಾಳವೇ ಸೈತಾನನದು. ಟೀವಿ ಪ್ರಚಾರಕ ಜಿಮ್ಮಿ ಸ್ವ್ಯಾಗರ್ಟ್ 1987ರಲ್ಲಿ ಈ ಸಂಗೀತದ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಅವರ ಪ್ರಕಾರ ಇದು ಕುರಿಯ ತೊಗಲು ಹೊದ್ದ ತೋಳ. ಅತ್ತ ರಾಕ್ ಲೋಕದವರಿಗೋ, ಇದು ಗಿಟಾರ್ ಹಿಡಿದ ಉಪದೇಶ. ಪಬ್ಬಿನಲ್ಲಿ ಬಿಯರ್ ಕುಡಿಯುತ್ತಾ ಕೂತವನಿಗೆ ಪಾಪ, ಪಶ್ಚಾತ್ತಾಪ ಎಂದರೆ ರುಚಿಸುತ್ತದೆಯೇ? ರಾಕ್ ಸ್ಟೇಷನ್ನುಗಳು ಹಾಕಲಿಲ್ಲ. ಕ್ರಿಶ್ಚಿಯನ್ ಸ್ಟೇಷನ್ನುಗಳು ಮೆತ್ತಗಿನ ಹಾಡನ್ನಷ್ಟೇ ಹಾಕಿದವು.

ಪೆಟ್ರಾದ ಕಥೆಯೇ ಸಾಕು. ಬಾಬ್ ಹಾರ್ಟ್‌ಮನ್ ಎಂಬ ಗಿಟಾರಿಸ್ಟ್ 1972ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಕಟ್ಟಿದ ಬ್ಯಾಂಡ್ ಇದು. ಪೆಟ್ರಾ ಅಂದರೆ ಗ್ರೀಕಿನಲ್ಲಿ ಬಂಡೆ. ಸುಮಾರು ಹತ್ತು ವರ್ಷ ವ್ಯಾನಿನಲ್ಲಿ ಊರೂರು ಸುತ್ತಿದರೂ ಹೆಸರು ಬರಲಿಲ್ಲ. ಕೊನೆಗೆ ಕೈ ಹಿಡಿದದ್ದು ಯಾವುದು ಗೊತ್ತೇ? 1981ರ ಒಂದು ಮೃದುವಾದ ಹಾಡು, 'ದ ಕಲರಿಂಗ್ ಸಾಂಗ್'. ಕ್ರಿಶ್ಚಿಯನ್ ರೇಡಿಯೊಗಳು ಅದನ್ನು ಹಾಕಿದವು. ಆಲ್ಬಮ್ ಕೊಂಡು ಮನೆಗೆ ಒಯ್ದವರಿಗೆ ಉಳಿದ ಹಾಡುಗಳ ಅಬ್ಬರ ಕೇಳಿ ಏನನಿಸಿತೋ!

ಅದೇ ಸಮಯದಲ್ಲಿ ಅಮೆರಿಕದಲ್ಲಿ ಇನ್ನೊಂದು ಗುಲ್ಲು ಎದ್ದಿತ್ತು. ರಾಕ್ ರೆಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಸಂದೇಶ ಕೇಳಿಸುತ್ತದೆ ಎಂಬ ಗುಲ್ಲು. 1982ರ 'ಮೋರ್ ಪವರ್ ಟು ಯಾ' ಆಲ್ಬಮ್ಮಿನಲ್ಲಿ ಪೆಟ್ರಾದವರು ಬೇಕೆಂದೇ ಒಂದು ಹಾಡಿನ ಆರಂಭಕ್ಕೆ ತಿರುಗುಮುರುಗಾದ ಮಾತು ಸೇರಿಸಿದರು. ಕುತೂಹಲದಿಂದ ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿ ಕೇಳಿದವರಿಗೆ ಸಿಕ್ಕಿದ್ದು ಒಂದು ಬೈಗುಳ: ನೀವು ಹುಡುಕುತ್ತಿರುವುದು ತಪ್ಪಾದವನನ್ನು! ಟೀಕೆಗೆ ಇಷ್ಟು ಚೆನ್ನಾಗಿ ಉತ್ತರ ಕೊಟ್ಟ ಬ್ಯಾಂಡು ಇನ್ನೊಂದಿರಲಿಕ್ಕಿಲ್ಲ.

ಸ್ಟ್ರೈಪರ್ ಬ್ಯಾಂಡಿನವರದು ಮತ್ತೂ ಜೋರು. ಹಳದಿ-ಕಪ್ಪು ಪಟ್ಟೆ ಪಟ್ಟೆ ಬಟ್ಟೆ, ಹೆವಿ ಮೆಟಲ್ ಸಂಗೀತ, ಜೊತೆಗೆ ವೇದಿಕೆಯಿಂದ ಜನರತ್ತ ಎಸೆಯುವ ಹೊಸ ಒಡಂಬಡಿಕೆಯ ಪ್ರತಿಗಳು. ಪಟ್ಟೆಯೇನು ಶೋಕಿಗಲ್ಲ, ಯೆಶಾಯನ ಗ್ರಂಥದ 53ನೇ ಅಧ್ಯಾಯದಲ್ಲಿ ಬರುವ ಬಾಸುಂಡೆಗಳ ನೆನಪು. 1986ರ ಅವರ ಆಲ್ಬಮ್ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿ ದಾಟಿತು, ಎಂಟಿವಿಯಲ್ಲೂ ಬಂತು. ಇವರೊಬ್ಬರೇ ಗೋಡೆ ಹಾರಿದವರು ಎನ್ನಬಹುದು. ಉಳಿದವರೆಲ್ಲ ಗೋಡೆಯ ಮೇಲೇ ಕೂತಿದ್ದರು, ಆಚೆಯೂ ಇಲ್ಲ, ಈಚೆಯೂ ಇಲ್ಲ.

ಅಭಿಮಾನದ ಗುಟ್ಟು ಇರುವುದೂ ಈ ಗೋಡೆಯ ಮೇಲೇ ಎಂದು ನನಗನಿಸುತ್ತದೆ. ಸುಲಭಕ್ಕೆ ಸಿಕ್ಕ ಹಾಡು ಸುಲಭಕ್ಕೇ ಮರೆತುಹೋಗುತ್ತದೆ. ಇವನ್ನು ಹುಡುಕಬೇಕಿತ್ತು. ನಮ್ಮ ದೇಶದಲ್ಲಂತೂ ಗಲ್ಫಿನಲ್ಲೋ ಅಮೆರಿಕದಲ್ಲೋ ಇದ್ದ ಯಾರದೋ ಸೋದರಮಾವ ಒಂದು ಕ್ಯಾಸೆಟ್ ತಂದರೆ, ಅದರಿಂದ ಹತ್ತು ಕಾಪಿ. ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ರಟ್ಟಿನ ಮೇಲೆ ಪೆನ್ನಿನಲ್ಲಿ ಹಾಡುಗಳ ಹೆಸರು ಬರೆದು, ಹಾಸ್ಟೆಲಿನ ರೂಮಿನಿಂದ ರೂಮಿಗೆ ಕಳಿಸುವುದು. ಹಾಸ್ಟೆಲಿನಲ್ಲಿ ನಾಗಾಲ್ಯಾಂಡಿನ, ಮಿಜೋರಾಮಿನ ಹುಡುಗರಿದ್ದರೆ ಅದೃಷ್ಟ. ರಾಕ್ ಸಂಗೀತ, ಚರ್ಚು ಎರಡೂ ಗೊತ್ತಿದ್ದವರು ಅವರು. ಇನ್ನು ಮನೆಯಲ್ಲಿ ಅಪ್ಪ "ಇದೇನೋ ಗದ್ದಲ?" ಎಂದರೆ ಉತ್ತರ ಕೊಡಬೇಕು. ಬ್ಲ್ಯಾಕ್ ಸ್ಯಾಬತ್ ಕೇಳುವ ಗೆಳೆಯ "ಇದೇನೋ ಪ್ರವಚನ?" ಎಂದು ನಕ್ಕರೆ ಅದಕ್ಕೂ ಉತ್ತರ ಕೊಡಬೇಕು. ಹದಿನೇಳನೇ ವಯಸ್ಸಿನಲ್ಲಿ ಇಬ್ಬರ ಮುಂದೆಯೂ ಯಾವ ಹಾಡಿನ ಪರ ವಾದಿಸಿದೆವೋ, ಅದನ್ನು ಐವತ್ತಾದ ಮೇಲೂ ಬಿಟ್ಟುಕೊಡುವುದು ಹೇಗೆ?

ಇದು ನಮಗೇನೂ ಹೊಸ ಜಗಳವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂರಿಸಿ ಕೀರ್ತನೆ ಹಾಡಿಸಿದರು. ಅದೇ ಮಿಷನ್ನಿನ ಕಿಟೆಲ್, ಹೌದು, ನಿಘಂಟಿನ ಕಿಟೆಲ್ಲೇ, 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ 'ಕಥಾಮಾಲೆ' ಎಂದು ಬರೆದರು. ದೇವರ ಮಾತಿಗೆ ಯಾವ ಮಟ್ಟು ಸರಿ? ಅಂದೂ ಇದೇ ಪ್ರಶ್ನೆ. ಈಚೆಗೆ ಬಂದರೆ, ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಪದವನ್ನು ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಗಿಟಾರ್, ಡ್ರಮ್ಸ್ ಜೊತೆ ಹಾಡಿದರು. ತತ್ವಪದಕ್ಕೆ ಯಾಕಪ್ಪಾ ಇಷ್ಟು ಸದ್ದು ಎಂದು ಗೊಣಗುವವರು ನಮ್ಮಲ್ಲೂ ಇದ್ದಾರೆ. ಒಂದು ವ್ಯತ್ಯಾಸ ಉಂಟು. ಶರೀಫರ ಪದಕ್ಕೆ ನೂರು ವರ್ಷದ ಪ್ರೀತಿಯ ಆಸರೆಯಿತ್ತು, ಬದಲಾದದ್ದು ವಾದ್ಯ ಮಾತ್ರ. ಕ್ರಿಶ್ಚಿಯನ್ ರಾಕಿನವರಿಗೆ ಪದವೂ ಹೊಸದು, ಸದ್ದೂ ಹೊಸದು. ಜಾಮೀನು ನಿಲ್ಲಲು ಒಬ್ಬ ಅಜ್ಜನೂ ಇರಲಿಲ್ಲ.

ಜಾಮೀನು ನಿಂತವರು ಕೇಳುಗರೇ. ಕೀತ್ ಗ್ರೀನ್ ಎಂಬ ಪಿಯಾನೊ ಗಾಯಕ 1980ರಲ್ಲಿ ಮನೆ ಅಡವಿಟ್ಟು ಒಂದು ಆಲ್ಬಮ್ ಮಾಡಿ, ಬೆಲೆಯನ್ನೇ ಇಡಲಿಲ್ಲ: ಕೈಲಾದಷ್ಟು ಕೊಡಿ, ಇಲ್ಲದಿದ್ದರೆ ಹಾಗೇ ಒಯ್ಯಿರಿ. ಅದರಲ್ಲಿ ಒಂದು ಹಾಡಿಗೆ ಹಾರ್ಮೋನಿಕಾ ನುಡಿಸಿದವರು ಬಾಬ್ ಡಿಲನ್! ಎರಡೇ ವರ್ಷ; 1982ರ ಜುಲೈಯಲ್ಲಿ ಟೆಕ್ಸಾಸಿನಲ್ಲಿ ಚಿಕ್ಕ ವಿಮಾನವೊಂದು ಬಿದ್ದು ಕೀತ್ ಗ್ರೀನ್ ತೀರಿಕೊಂಡ. ಜೊತೆಗೆ ಅವನ ಇಬ್ಬರು ಪುಟ್ಟ ಮಕ್ಕಳೂ. ಅವನಿಗಾಗ 28 ವರ್ಷ. ಪುಕ್ಕಟೆ ಕೊಟ್ಟ ಆ ರೆಕಾರ್ಡುಗಳನ್ನು ಮನೆಗಳಲ್ಲಿ ಜೋಪಾನವಾಗಿ ಇಟ್ಟುಕೊಂಡವರು ಇದ್ದಾರೆ ಎಂದರೆ ಆಶ್ಚರ್ಯವಿಲ್ಲ.

ಡೇನಿಯಲ್ ಏಮೊಸ್ ಎಂಬ ಬ್ಯಾಂಡಿನದು ಇನ್ನೊಂದು ಬಗೆ. ಅವರ 'ಹೊರೆಂಡಸ್ ಡಿಸ್ಕ್' ಆಲ್ಬಮ್ 1970ರ ದಶಕದ ಕೊನೆಗೇ ತಯಾರಾಗಿದ್ದರೂ ಹೊರಬಂದದ್ದು 1981ರಲ್ಲಿ. ತಡೆದಿಟ್ಟವರು ಯಾರು? ಲ್ಯಾರಿ ನಾರ್ಮನ್‌ನದೇ ಕಂಪನಿ! ಬರುವ ಹೊತ್ತಿಗೆ ಬ್ಯಾಂಡಿನ ಮುಂದಿನ ಆಲ್ಬಮ್ಮೂ ಅಂಗಡಿಗೆ ಬಂದಿತ್ತು, ಸಂಗೀತದ ಶೈಲಿಯೇ ಬದಲಾಗಿತ್ತು. ಇಷ್ಟಾದರೂ ಅಭಿಮಾನಿಗಳು ಕೈಬಿಡಲಿಲ್ಲ. 2013ರಲ್ಲಿ ಅದೇ ಬ್ಯಾಂಡು ಹೊಸ ಆಲ್ಬಮ್ ಮಾಡಿದ್ದು ಅಭಿಮಾನಿಗಳು ಮುಂಚಿತವಾಗಿ ಕೊಟ್ಟ ಹಣದಿಂದ.

ಹಾಗೆಂದು ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಕಾಲದ ಎಷ್ಟೋ ಹಾಡುಗಳಲ್ಲಿ ಕವಿತೆಗಿಂತ ಉಪದೇಶವೇ ಹೆಚ್ಚು. ಕೆಲವು ಬ್ಯಾಂಡುಗಳು ಆಗ ಓಡುತ್ತಿದ್ದ ಬ್ಯಾಂಡುಗಳ ಪಡಿಯಚ್ಚು. ಪೆಟ್ರಾ ಕೇಳಿದಾಗಲೂ ಕಾನ್ಸಸ್, ಫಾರಿನರ್ ನೆನಪಾಗುವುದು ಸುಳ್ಳಲ್ಲ. ಆದರೆ ಲ್ಯಾರಿ ನಾರ್ಮನ್‌ನ 1972ರ 'ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್' ಹಾಗಲ್ಲ. ಲಂಡನ್ನಿನಲ್ಲಿ, ಬೀಟಲ್ಸ್‌ಗೆ ಸಂಗೀತ ಮಾಡಿಸಿದ ಜಾರ್ಜ್ ಮಾರ್ಟಿನ್ ಅವರ ಏರ್ ಸ್ಟುಡಿಯೊದಲ್ಲಿ ರೆಕಾರ್ಡಾದದ್ದು. ಅದರಲ್ಲಿ ದೇವರೂ ಇದ್ದಾನೆ, ಯುದ್ಧವೂ ಇದೆ, ಬಡತನವೂ ಇದೆ. ನಾರ್ಮನ್ 2008ರಲ್ಲಿ ತೀರಿಕೊಂಡ. ಆರು ವರ್ಷದ ಮೇಲೆ, 2014ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ಮನ್ನು ದೇಶ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಜಾಗವಿಲ್ಲದ ಹಾಡಿಗೆ ಭಂಡಾರದಲ್ಲಿ ಜಾಗ!

ಆದರೆ ಪಟ್ಟಿಗೆ ಸೇರದೆ ಉಳಿದವು ನೂರಾರು. ಸಣ್ಣ ಸಣ್ಣ ಕಂಪನಿಗಳು ಮುಚ್ಚಿದವು, ಹಕ್ಕು ಯಾರ ಕೈಲಿದೆಯೆಂದು ಹೇಳುವವರಿಲ್ಲ. ಇಲಿನಾಯ್ ರಾಜ್ಯದಲ್ಲಿ 1984ರಿಂದ ಪ್ರತಿ ಬೇಸಿಗೆ ನಡೆಯುತ್ತಿದ್ದ ಕಾರ್ನರ್‌ಸ್ಟೋನ್ ಸಂಗೀತ ಜಾತ್ರೆ 2012ಕ್ಕೆ ನಿಂತಿತು. ಪೆಟ್ರಾ 2005ರ ಡಿಸೆಂಬರ್ 31ರ ರಾತ್ರಿ ಕೊನೆಯ ಕಾರ್ಯಕ್ರಮ ಎಂದು ವಿದಾಯ ಹೇಳಿತು. ಅಭಿಮಾನಿಗಳು ಬಿಡಬೇಕಲ್ಲ! 2010ರಲ್ಲಿ ಹಳೆಯ ಸದಸ್ಯರು ಮತ್ತೆ ಸೇರಿದರು, ಬ್ಯಾಂಡಿಗೆ ಐವತ್ತು ತುಂಬಿದಾಗ ಮತ್ತೆ ಊರೂರು ಸುತ್ತಿದರು. 1992ರಲ್ಲಿ ಗಾಯಕ ಹೊರನಡೆದ ಮೇಲೆ ಚದುರಿಹೋಗಿದ್ದ ಸ್ಟ್ರೈಪರ್ 2003ರಲ್ಲಿ ಒಂದಾಯಿತು. 2024ರಲ್ಲೂ ಹೊಸ ಆಲ್ಬಮ್ ತಂದಿದೆ. ಎದುರಿಗೆ ನಿಂತು ಹಾಡುವವರ ತಲೆಯೂ ನೆರೆತಿದೆ, ವೇದಿಕೆಯ ಮೇಲಿನವರದೂ ನೆರೆತಿದೆ.

ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು? ಗಿಟಾರಿನ ಅಬ್ಬರ ಬೇಕೆನ್ನುವವರು ಪೆಟ್ರಾದ 1990ರ 'ಬಿಯಾಂಡ್ ಬಿಲೀಫ್' ಹಿಡಿಯಿರಿ; ಅವರಿಗೆ ಮೊದಲ ಗ್ರ್ಯಾಮಿ ತಂದುಕೊಟ್ಟದ್ದು ಅದೇ. ಜಾನ್ ಶ್ಲಿಟ್ ಅವರ ಒರಟು ಗಂಟಲು, ಹಿಂದಿನಿಂದ ಕಾಯರ್ ಥರ ಏಳುವ ಕೋರಸ್ ಗಮನಿಸಿ. ಸ್ಟ್ರೈಪರ್ ಕೇಳುವಾಗ ಎರಡು ಗಿಟಾರ್‌ಗಳು ಒಂದೇ ಸ್ವರಪಂಕ್ತಿಯನ್ನು ಮೇಲೊಂದು ಕೆಳಗೊಂದು ಶ್ರುತಿಯಲ್ಲಿ ಒಟ್ಟಿಗೆ ನುಡಿಸುವುದನ್ನು ಕೇಳಿ. ಮಾತು ಬೇಕೆನ್ನುವವರಿಗೆ ಲ್ಯಾರಿ ನಾರ್ಮನ್. ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಇರಲಿ, ಮಣಿಕೊಂಡದ ಅಪಾರ್ಟ್‌ಮೆಂಟುಗಳ ಗೋಡೆ ತೆಳು.

ಇನ್ನು, ಅಟ್ಟದ ಮೇಲೆ ಇಂಥ ಕ್ಯಾಸೆಟ್ ಇದ್ದವರು ದಯವಿಟ್ಟು ತಕ್ಷಣ ಪ್ಲೇಯರಿಗೆ ಹಾಕಿ ಪ್ಲೇ ಒತ್ತಬೇಡಿ. ಕರಾವಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕೂತಿದೆಯೇ ನೋಡಿ. ಟೇಪಿನ ಹಿಂದೆ ಒತ್ತಿಕೊಂಡಿರುವ ಪುಟ್ಟ ಮೆತ್ತೆ ಕಿತ್ತುಬಂದಿದೆಯೇ ನೋಡಿ. ಅದಿಲ್ಲದಿದ್ದರೆ ಸದ್ದು ಮಂಕಾಗುತ್ತದೆ. ಎರಡೂ ಸರಿಯಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಕೇಳಿ. ಮೊದಲ ಸಲ ಕೇಳುವಾಗಲೇ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಿ. ಎರಡನೇ ಸಲಕ್ಕೆ ಟೇಪು ತುಂಡಾಗದೆ ಉಳಿಯುತ್ತದೆ ಎಂಬ ಭರವಸೆ ಇಲ್ಲ.