ಮಾಹಿತಿಯ ಕೆರೆಗೆ ಎಷ್ಟೆತ್ತರದ ಏರಿ?

ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಗೆ ಶಾಲಾ ಪ್ರವಾಸ ಬರುವ ಮಕ್ಕಳು ಸರ್ ಎಂ. ವಿಶ್ವೇಶ್ವರಯ್ಯನವರ ಮನೆ, ಸಮಾಧಿಗಳನ್ನು ನೋಡಿ ಹಿಂತಿರುಗುತ್ತಾರೆ. ಆ ಮಹನೀಯರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ಕಟ್ಟೆಯನ್ನು ಎತ್ತರಿಸದೆಯೇ ಅವು ಹೆಚ್ಚು ನೀರನ್ನು ತಡೆದು ನಿಲ್ಲಿಸುತ್ತಿದ್ದವು. ನೀರು ಮಿತಿ ಮೀರಿದರೆ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಬರುವ ನೀರೆಷ್ಟು, ನಿಲ್ಲಬೇಕಾದದ್ದೆಷ್ಟು, ಹೆಚ್ಚಾದದ್ದು ಹೋಗುವುದೆಲ್ಲಿಗೆ? ಜಲಾಶಯ ಕಟ್ಟುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಈ ಮೂರೇ. ಇಂದು ನೀರಿನ ಬದಲು ಮಾಹಿತಿಯನ್ನು ಕೂಡಿಡುವ ಕಂಪ್ಯೂಟರ್ ಎಂಜಿನಿಯರುಗಳ ಮುಂದಿರುವುದೂ ಇವೇ ಪ್ರಶ್ನೆಗಳು.

ಪುಸ್ತಕದೊಳಗಿನ ಚೌಕ

ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಕಪ್ಪು-ಬಿಳುಪಿನ ಚುಕ್ಕಿಗಳ ಒಂದು ಚೌಕವಿರುತ್ತದೆ. ಅದಕ್ಕೆ ಕ್ಯೂಆರ್ ಕೋಡ್ ಎಂದು ಹೆಸರು. ಮೊಬೈಲನ್ನು ಅದರತ್ತ ಹಿಡಿದರೆ ಪಾಠದ ವಿಡಿಯೊ ತೆರೆದುಕೊಳ್ಳುತ್ತದೆ. 2017ರ ಶಿಕ್ಷಕರ ದಿನದಂದು ಆರಂಭವಾದ ‘ದೀಕ್ಷಾ’ ವ್ಯವಸ್ಥೆಯ ಕೊಡುಗೆ ಇದು. ಇದರ ಬುನಾದಿಯಾದ ‘ಸನ್‌ಬರ್ಡ್’ ತಂತ್ರಾಂಶ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ರೂಪುಗೊಂಡಿತು.

ಇಂಥ ತಂತ್ರಾಂಶಗಳನ್ನು ‘ಕಂಟೈನರ್’ ಎಂಬ ಪುಟ್ಟ ಡಬ್ಬಿಗಳಲ್ಲಿ ತುಂಬಿ ಓಡಿಸುತ್ತಾರೆ. ಸಂಜೆ ಲಕ್ಷಾಂತರ ಮಕ್ಕಳು ಒಮ್ಮೆಲೇ ಪಾಠ ತೆರೆದರೆ ಅಂಥದೇ ಇನ್ನಷ್ಟು ಡಬ್ಬಿಗಳು ಕೆಲಸಕ್ಕಿಳಿಯುತ್ತವೆ. ಮದುವೆ ಮನೆಯಲ್ಲಿ ನೆಂಟರು ಹೆಚ್ಚಿದಂತೆಲ್ಲ ಒಲೆಗಳನ್ನು ಹೆಚ್ಚಿಸಿದಂತೆ. ಗದ್ದಲ ಮುಗಿದ ಮೇಲೆ ಅವನ್ನು ಅಳಿಸಿಬಿಡುತ್ತಾರೆ. ಡಬ್ಬಿಯೊಳಗೆ ಬರೆದಿಟ್ಟದ್ದೂ ಅದರೊಂದಿಗೆ ಮಾಯ! ಆದ್ದರಿಂದ ವಿಡಿಯೊ, ಚಿತ್ರ, ಉತ್ತರಪತ್ರಿಕೆಗಳನ್ನು ಡಬ್ಬಿಯ ಹೊರಗೆ ಬೇರೊಂದು ಭದ್ರ ಸ್ಥಳದಲ್ಲಿ ಇಡಲೇಬೇಕು. ಆ ಸ್ಥಳವೇ ‘ಆಬ್ಜೆಕ್ಟ್ ಸ್ಟೋರೇಜ್’.

ಇದನ್ನು ರೈಲು ನಿಲ್ದಾಣದ ಕ್ಲೋಕ್‌ರೂಮಿಗೆ ಹೋಲಿಸಬಹುದು. ಚೀಲ ಕೊಟ್ಟರೆ ಚೀಟಿ ಸಿಗುತ್ತದೆ. ಚೀಲ ಯಾವ ಹಲಗೆಯ ಮೇಲಿದೆ ಎಂಬ ಚಿಂತೆ ನಿಮಗಿಲ್ಲ. ಚೀಟಿ ತೋರಿಸಿದರೆ ಚೀಲ ಕೈಸೇರುತ್ತದೆ. ಆದರೆ ಒಳಗಿನ ಒಂದು ಅಂಗಿಯನ್ನಷ್ಟೇ ಬದಲಿಸುವಂತಿಲ್ಲ. ಹೊಸದಾಗಿ ಕಟ್ಟಿದ ಚೀಲವನ್ನೇ ಕೊಡಬೇಕು. ಇಲ್ಲೂ ಹಾಗೆಯೇ: ಪ್ರತಿ ಕಡತಕ್ಕೊಂದು ಹೆಸರು, ಕಡತಗಳ ಗುಂಪಿಗೊಂದು ‘ಬಕೆಟ್’. ಅಮೆಜಾನ್ ಕಂಪನಿ 2006ರಲ್ಲಿ ಆರಂಭಿಸಿದ ‘ಎಸ್3’ ಸೇವೆಯಿಂದ ಈ ಪದ್ಧತಿ ಜನಪ್ರಿಯವಾಯಿತು. ‘ಸೆಫ್’ನಂಥ ಮುಕ್ತ ತಂತ್ರಾಂಶ ಬಳಸಿ ಸಂಸ್ಥೆಗಳು ತಮ್ಮದೇ ಸಂಗ್ರಹವನ್ನೂ ಕಟ್ಟಿಕೊಳ್ಳಬಹುದು.

ಒಂದು ಲೆಕ್ಕ ಹಾಕೋಣ

ಒಂದು ತಾಲ್ಲೂಕಿನಲ್ಲಿ 100 ಶಾಲೆಗಳಿವೆ ಎಂದು ಭಾವಿಸೋಣ. ಪ್ರತಿ ಶಾಲೆಯೂ ತಿಂಗಳಿಗೆ ತಲಾ 50 ಮೆಗಾಬೈಟಿನ 20 ವಿಡಿಯೊ ಕಳುಹಿಸಿದರೆ ಅದು 1 ಗಿಗಾಬೈಟ್. ಹತ್ತು ತಿಂಗಳ ಶಾಲಾ ವರ್ಷದಲ್ಲಿ ನೂರು ಶಾಲೆಗಳಿಂದ 1,000 ಗಿಗಾಬೈಟ್, ಅಂದರೆ 1 ಟೆರಾಬೈಟ್. ಮೂರು ವರ್ಷಕ್ಕೆ 3 ಟೆರಾಬೈಟ್.

ಹಾಗಾದರೆ 3 ಟೆರಾಬೈಟಿನ ಡಿಸ್ಕ್ ಕೊಂಡರೆ ಸಾಕೆ? ಸಾಲದು. ಡಿಸ್ಕುಗಳು ಕೆಡುತ್ತವೆ. ಪ್ರತಿ ಕಡತಕ್ಕೂ ಮೂರು ಪ್ರತಿ ಇಟ್ಟರೆ 9 ಟೆರಾಬೈಟ್ ಬೇಕು. ಇದಕ್ಕೊಂದು ಜಾಣ ಉಪಾಯವಿದೆ. ಕಡತವನ್ನು 8 ತುಂಡು ಮಾಡಿ, ಗಣಿತದ ಸಹಾಯದಿಂದ ಇನ್ನೂ 4 ತುಂಡುಗಳನ್ನು ಸೃಷ್ಟಿಸಿ, ಹನ್ನೆರಡನ್ನೂ ಬೇರೆ ಬೇರೆ ಡಿಸ್ಕುಗಳಲ್ಲಿ ಇಡುವುದು. ಯಾವುದೇ ನಾಲ್ಕು ಹಾಳಾದರೂ ಉಳಿದ ಎಂಟರಿಂದ ಕಡತ ಮರಳಿ ಸಿಗುತ್ತದೆ. ಈಗ ಬೇಕಾದದ್ದು ಒಂದೂವರೆ ಪಟ್ಟು, ಅಂದರೆ 4.5 ಟೆರಾಬೈಟ್ ಮಾತ್ರ. ಆದರೆ ಕೆಟ್ಟದ್ದನ್ನು ಸರಿಪಡಿಸುವಾಗ ಕಂಪ್ಯೂಟರಿಗೆ ಕೆಲಸ ಹೆಚ್ಚು.

ಕೆರೆಯನ್ನು ಏರಿಯ ಅಂಚಿನವರೆಗೂ ಯಾರೂ ತುಂಬಿಸುವುದಿಲ್ಲ. ಇಲ್ಲಿಯೂ ಕಾಲು ಭಾಗ ಖಾಲಿ ಬಿಡೋಣವೆಂದರೆ 4.5 ಟೆರಾಬೈಟ್ ಮುಕ್ಕಾಲು ಭಾಗವಾಗಬೇಕು. ಒಟ್ಟು ಬೇಕಾದದ್ದು 6 ಟೆರಾಬೈಟ್. ಮೂರು ಪ್ರತಿಯ ಪದ್ಧತಿಯಲ್ಲಾದರೆ 12. ಡಿಸ್ಕಿನ ಮೇಲೆ ‘1 ಟೆರಾಬೈಟ್’ ಎಂದಿದ್ದರೂ ಕೆಲವು ಕಂಪ್ಯೂಟರುಗಳು 931 ಗಿಗಾಬೈಟ್ ಎಂದೇ ತೋರಿಸುತ್ತವೆ. ಇದು ಮೋಸವಲ್ಲ; ತಯಾರಕರು ಸಾವಿರದ ಲೆಕ್ಕದಲ್ಲಿ, ಅವು 1,024ರ ಲೆಕ್ಕದಲ್ಲಿ ಎಣಿಸುತ್ತವೆ, ಅಷ್ಟೆ.

ಹೂಳು ಮತ್ತು ಬೀಗ

ಕೆರೆಯಲ್ಲಿ ಹೂಳು ತುಂಬುವಂತೆ ಸಂಗ್ರಹದಲ್ಲೂ ತುಂಬುತ್ತದೆ. ತಿದ್ದಿದ ಕಡತಗಳ ಹಳೆಯ ಪ್ರತಿಗಳು, ಅರ್ಧಕ್ಕೆ ನಿಂತುಹೋದ ಅಪ್‌ಲೋಡುಗಳ ತುಣುಕುಗಳು ಕಣ್ಣಿಗೆ ಬೀಳದೆ ಜಾಗ ನುಂಗುತ್ತವೆ. ‘ಇಷ್ಟು ದಿನಗಳ ನಂತರ ಅಗ್ಗದ ಸಂಗ್ರಹಕ್ಕೆ, ಇಷ್ಟು ದಿನಗಳ ನಂತರ ಅಳಿಸು’ ಎಂಬ ನಿಯಮವನ್ನು ಮೊದಲೇ ಬರೆದಿಟ್ಟರೆ ಆ ಕೆಲಸ ತಾನಾಗಿ ನಡೆಯುತ್ತದೆ. ಇದೇ ಮಾಹಿತಿಯ ಕೆರೆಯ ಸ್ವಯಂಚಾಲಿತ ಬಾಗಿಲು.

ಜಾಗ ಎಷ್ಟೇ ಇರಲಿ, ಬೀಗ ಮರೆತರೆ ಎಲ್ಲವೂ ವ್ಯರ್ಥ. ದೀಕ್ಷಾದ ಮಾಹಿತಿಯಿದ್ದ ಸಂಗ್ರಹವೊಂದು ರಕ್ಷಣೆಯಿಲ್ಲದೆ ತೆರೆದಿತ್ತೆಂದು 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ವರದಿ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ದೂರವಾಣಿ ಸಂಖ್ಯೆಗಳು ಅದರಲ್ಲಿದ್ದವು. ಲಕ್ಷಾಂತರ ವಿದ್ಯಾರ್ಥಿಗಳ ವಿವರಗಳೂ ಇದ್ದವು. ಪಾಠದ ವಿಡಿಯೊವನ್ನು ಯಾರು ನೋಡಿದರೂ ಒಳ್ಳೆಯದೇ. ಮಗುವಿನ ವಿವರ ಹಾಗಲ್ಲ. ಇವೆರಡಕ್ಕೂ ಬೇರೆ ಬೇರೆ ಬಕೆಟ್, ಬೇರೆ ಬೇರೆ ಕೀಲಿ ಇರಬೇಕು. ಅಗತ್ಯವಿಲ್ಲದ ವಿವರವನ್ನು ಕೂಡಿಡದಿರುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಇಲ್ಲದ ಮಾಹಿತಿ ಸೋರಿಹೋಗುವುದಿಲ್ಲ!

ಮನೆಯ ಮೊಬೈಲಿನಲ್ಲಿ ‘ಜಾಗವಿಲ್ಲ’ ಎಂಬ ಸೂಚನೆ ಬಂದಾಗ ತಂದೆತಾಯಿಗಳೂ ಮಕ್ಕಳೂ ಒಟ್ಟಿಗೆ ಕುಳಿತು ಇದೇ ಲೆಕ್ಕ ಮಾಡಬಹುದು: ತಿಂಗಳಿಗೆ ಎಷ್ಟು ಸೇರುತ್ತಿದೆ, ಯಾವುದು ಉಳಿಯಬೇಕು, ಅದರ ಎರಡನೆಯ ಪ್ರತಿ ಎಲ್ಲಿದೆ, ಯಾವುದನ್ನು ಅಳಿಸಬಹುದು? ದೊಡ್ಡ ಡಿಸ್ಕನ್ನು ಹಣ ಕೊಟ್ಟು ತರಬಹುದು. ಏನನ್ನು ಕಾಪಾಡಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವನ್ನು ಮಾತ್ರ ನಾವೇ ಮಾಡಬೇಕು.