ಬಾಗಿಲು ಮಾಗುವ ಮುನ್ನ

"ಇಂಜೆಕ್ಷನ್ ಹಾಕಿ ನೋವು ಬರಿಸಿದರು, ಆದರೂ ಕೊನೆಗೆ ಆಪರೇಷನ್ನೇ ಆಯಿತು." ಹಳಿಯಾಳ, ದಾಂಡೇಲಿ ಕಡೆ ಬಾಣಂತಿಯನ್ನು ನೋಡಲು ಹೋದಲ್ಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ದೂರು ಕೆಲವೊಮ್ಮೆ ಇಂಜೆಕ್ಷನ್ ಮೇಲೆ, ಕೆಲವೊಮ್ಮೆ ಡಾಕ್ಟರ ಮೇಲೆ. ಗರ್ಭಕೊರಳಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈ ಅಧ್ಯಾಯ ಹೆಚ್ಚುಕಡಿಮೆ ಅದರದ್ದೇ.

ತಾನಾಗಿ ಬರಬೇಕಾದ ಹೆರಿಗೆ ನೋವನ್ನು ಮದ್ದಿನಿಂದಲೋ ಸಾಧನದಿಂದಲೋ ಮೊದಲೇ ಶುರುಮಾಡಿಸುವುದು ಹೆರಿಗೆ ಪ್ರಚೋದನೆ. ಆಗಲೇ ಶುರುವಾಗಿ ಮಂದವಾದ ನೋವಿಗೆ ಡ್ರಿಪ್ ಹಾಕಿ ಚುರುಕು ಕೊಡುವುದು ಬೇರೆ ಕೆಲಸ. ಬಿ.ಪಿ. ಏರಿದಾಗ, ಸಕ್ಕರೆ ಕಾಯಿಲೆ ಇದ್ದಾಗ, ನೋವಿಲ್ಲದೆ ನೀರು ಹೋದಾಗ, 41 ವಾರ ದಾಟಿದಾಗ ಪ್ರಚೋದನೆಯ ಮಾತು ಬರುತ್ತದೆ.

ತಾಯಿ ಕಾರ್ಡಿನ ದಿನಾಂಕದ ಬಗ್ಗೆಯೂ ಒಂದು ಮಾತು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಅದನ್ನು ಬರೆಯುತ್ತಾರೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. (ಜೊಯಿಡಾದ ಒಳಹಳ್ಳಿಯವರು ಬಸ್ಸಿನ ವೇಳಾಪಟ್ಟಿ ನೆನೆದರೆ ಸಾಕು.) ಮುಟ್ಟಿನ ದಿನ ಮರೆತಿದ್ದರೆ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನೇ ಗತಿ. ಲೆಕ್ಕ ತಪ್ಪಿ 36ನೇ ವಾರವನ್ನು 39 ಎಂದುಕೊಂಡು ನೋವು ಬರಿಸಿದರೆ ಕೂಸು ಉಸಿರಾಟಕ್ಕೆ ಒದ್ದಾಡಬಹುದು.

ಈಗ ಕೊರಳಿಗೆ ಬರೋಣ. ನಿಮ್ಮ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ತುಟಿಯನ್ನು. ಮಾಗದ ಗರ್ಭಕೊರಳು ಮೂಗಿನಂತೆ ಗಡುಸು, ಮಾಗಿದ್ದು ತುಟಿಯಂತೆ ಮೆತ್ತಗೆ. ಒಂಬತ್ತು ತಿಂಗಳು ಕೂಸಿನ ಭಾರವನ್ನೆಲ್ಲ ತಡೆದು ನಿಂತ ಬಾಗಿಲು ಅದು. ಅದರೊಳಗೆ ಕೊಲಾಜೆನ್ ಎಳೆಗಳು ಬಿಗಿಯಾಗಿ ಹೊಸೆದ ಹಗ್ಗದಂತಿರುತ್ತವೆ. ದಿನ ತುಂಬುತ್ತ ಬಂದಂತೆ ಹಗ್ಗದ ಹುರಿ ಸಡಿಲುತ್ತದೆ, ಎಳೆಗಳ ನಡುವೆ ನೀರು ಸೇರುತ್ತದೆ, ಕೊರಳು ಮೋಟಾಗಿ ತೆಳ್ಳಗಾಗುತ್ತದೆ. ಈ ಕೆಲಸದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದೇಹದ ರಾಸಾಯನಿಕಗಳ ಕೈವಾಡ ದೊಡ್ಡದು. ನೋವು ಎಷ್ಟೇ ಜೋರಾಗಿರಲಿ, ಬಾಗಿಲು ಮಾಗದಿದ್ದರೆ ಗರ್ಭಕೋಶ ಗೋಡೆ ಗುದ್ದಿದಂತೆ ಗುದ್ದುತ್ತಲೇ ಇರುತ್ತದೆ. 1964ರಲ್ಲಿ ಅಮೆರಿಕದ ಎಡ್ವರ್ಡ್ ಬಿಷಪ್ ಎಂಬ ವೈದ್ಯ ಇದಕ್ಕೆ ಅಂಕ ಕೊಡುವ ಕ್ರಮ ಹೇಳಿಕೊಟ್ಟ: ಕೊರಳು ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆದು, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ. ಒಟ್ಟು 13 ಅಂಕ. ಎಂಟು ದಾಟಿದರೆ ನೋವು ಬರಿಸುವುದು ಸಲೀಸು. ಆರು ಅಥವಾ ಕೆಳಗಿದ್ದರೆ ಮೊದಲು ಮಾಗಿಸಬೇಕು. ಯಂತ್ರ ಬೇಡ, ಕರೆಂಟು ಬೇಡ, ಎರಡು ಬೆರಳು ಸಾಕು. ನನಗೆ ಇದು ವೈದ್ಯಶಾಸ್ತ್ರದ ಅತಿ ಸುಂದರ ಅಳತೆಗಳಲ್ಲಿ ಒಂದು.

ಮಾಗಿಸಲು ಜೆಲ್ ಇದೆ, ಮಿಸೊಪ್ರೊಸ್ಟಾಲ್ ಮಾತ್ರೆ ಇದೆ, ಉಪ್ಪುನೀರು ತುಂಬಿದ ಫೋಲಿ ಬಲೂನು ಇದೆ. ಮಾತ್ರೆಯ ಪ್ರಮಾಣ 25 ಮೈಕ್ರೋಗ್ರಾಂ. 200ರ ಮಾತ್ರೆಯನ್ನು ಬ್ಲೇಡಿನಲ್ಲಿ ಎಂಟು ಚೂರು ಮಾಡಿ ನೋಡಿ, ಎರಡು ಚೂರೂ ಸಮ ಬರುವುದಿಲ್ಲ. ಬಲೂನನ್ನು ತೆಗೆಯಬಹುದು, ಡ್ರಿಪ್ ನಿಲ್ಲಿಸಬಹುದು. ನುಂಗಿದ ಮಾತ್ರೆಯನ್ನು ವಾಪಸು ಪಡೆಯಲಾಗದು. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆ ಸಲ್ಲದು, ಹಳೆಯ ಹೊಲಿಗೆ ಬಿರಿಯುವ ಭಯ.

ಕೊರಳು ಮಾಗಿದ ಮೇಲೆ ನೋವು ಬರಿಸಲು ಹಾಕುವ ಡ್ರಿಪ್ಪಿನಲ್ಲಿರುವುದು ಆಕ್ಸಿಟೋಸಿನ್. ಕರು ಕೆಚ್ಚಲು ಗುದ್ದಿದಾಗ ಎಮ್ಮೆ ಸೊರೆ ಬಿಡುವುದೂ ಇದರಿಂದಲೇ. ಗೌಳಿಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಲಿಗಾಗಿ ದನಗಳಿಗೆ ಚುಚ್ಚುವ ದುರ್ಬಳಕೆ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ಇದರ ತಯಾರಿಕೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಯೊಂದಕ್ಕೇ ಬಿಡಲು ಹೊರಟಿತ್ತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಬಾಣಂತಿಯ ರಕ್ತಸ್ರಾವ ತಡೆಯುವ ಮದ್ದೂ ಇದೇ ತಾನೆ.

ಒಂದೊಂದು ನೋವು ಬಂದಾಗಲೂ ಮಾಸುವಿಗೆ ರಕ್ತ ಒಯ್ಯುವ ನಾಳಗಳು ಹಿಂಡಿಹೋಗುತ್ತವೆ. ಕಾಳಿ ನದಿಯಲ್ಲಿ ಮುಳುಗು ಹಾಕುವ ಹುಡುಗನಂತೆ ಕೂಸು ಉಸಿರು ಕಟ್ಟಿ, ನೋವು ಬಿಟ್ಟಾಗ ಮೇಲೆದ್ದಂತೆ ಸುಧಾರಿಸಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ ಏಳಲು ಬಿಡುವೇ ಇಲ್ಲ. ಹಾಗಾಗಿ ಡ್ರಿಪ್ ಹಾಕಿದ ಮೇಲೆ ಪಕ್ಕದಲ್ಲಿ ಒಬ್ಬರು ಎದೆಬಡಿತ ಕೇಳುತ್ತ ಕೂರಲೇಬೇಕು.

ಪ್ರಚೋದನೆಯಿಂದ ಸಿಸೇರಿಯನ್ ಹೆಚ್ಚುತ್ತದೆ ಎಂಬುದು ಬಹುಕಾಲದ ನಂಬಿಕೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅರೈವ್ ಪ್ರಯೋಗದಲ್ಲಿ 6,106 ಚೊಚ್ಚಲ ಗರ್ಭಿಣಿಯರಿದ್ದರು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ 18.6%, ಕಾದವರಲ್ಲಿ 22.2%. 2020ರ ಕಾಕ್ರೇನ್ ಅವಲೋಕನ 34 ಪ್ರಯೋಗಗಳನ್ನು ಒಟ್ಟಿಗೆ ನೋಡಿತು: ಸಾವಿನ ಲೆಕ್ಕ ಕೊಟ್ಟವುಗಳಲ್ಲಿ ಪ್ರಚೋದಿಸಿದ ಗುಂಪಿನಲ್ಲಿ ಸತ್ತ ಶಿಶುಗಳು 4, ಕಾದ ಗುಂಪಿನಲ್ಲಿ 25. ಹಾಗಂತ ಒಂದು ಸಾವು ತಪ್ಪಿಸಲು ಸುಮಾರು 544 ಮಂದಿಗೆ ನೋವು ಬರಿಸಬೇಕು. ನಾಗಪುರದಲ್ಲಿ ಬಿ.ಪಿ. ಏರಿದ 602 ಗರ್ಭಿಣಿಯರ ಮೇಲೆ ನಡೆದ ಪ್ರಯೋಗ 2017ರಲ್ಲಿ ಬಂತು. ಮಾತ್ರೆ ಪಡೆದವರಲ್ಲಿ 24 ಗಂಟೆಯೊಳಗೆ ಸಹಜ ಹೆರಿಗೆಯಾದವರು 57%, ಬಲೂನು ಹಾಕಿಸಿಕೊಂಡವರಲ್ಲಿ 47%.

ಅಮೆರಿಕದ ಅಂಕಿಯನ್ನು ಹಾಗೇ ಜೊಯಿಡಾಕ್ಕೆ ಹಚ್ಚಲಾಗದು. ಅಲ್ಲಿ ಆಪರೇಷನ್ ಥಿಯೇಟರ್ ಅದೇ ಕಟ್ಟಡದಲ್ಲಿದೆ. ಇಲ್ಲಿ ಕಾಡುದಾರಿ, ಆಷಾಢದ ಮಳೆ, ನಡುವೆ ದಾಂಡೇಲಿ, ಆಮೇಲೆ ಧಾರವಾಡ. ಮುಂಡಗೋಡದವರಿಗೆ ಹುಬ್ಬಳ್ಳಿ. ನೋವು ಬರಿಸುವುದಾದರೆ ಥಿಯೇಟರ್, ಅರಿವಳಿಕೆ ತಜ್ಞರು, ರಕ್ತ ಮೂರೂ ಇರುವಲ್ಲೇ ಬರಿಸಬೇಕು. ದಾರಿ ದೂರವಿದ್ದವರು 41 ವಾರ ತುಂಬುವ ಮೊದಲೇ ಅಂಥ ಊರಿಗೆ ಬಂದು ನೆಂಟರ ಮನೆಯಲ್ಲೋ ಆಸ್ಪತ್ರೆಯಲ್ಲೋ ಉಳಿಯುವುದು ಒಳ್ಳೆಯದು.

ಕುಣಬಿ, ಸಿದ್ದಿ, ಗೌಳಿ, ಟಿಬೆಟನ್, ಕಾಗದ ಕಾರ್ಖಾನೆಯ ಕುಟುಂಬಗಳು ಇಷ್ಟು ಹತ್ತಿರ ಬದುಕುವ ಬೇರೆ ಸೀಮೆ ಎಲ್ಲಿದೆ? ಇಂಥ ಸೀಮೆಗೆ ಅದರದೇ ಲೆಕ್ಕ ಬೇಕು. ಹಾಗಾಗಿ ನರ್ಸಿಂಗ್ ಓದುತ್ತಿರುವ ಇಲ್ಲಿನ ಹುಡುಗಿಯರಿಗೆ ನನ್ನದೊಂದು ಬೇಡಿಕೆ. ಆಸ್ಪತ್ರೆಯವರ ಒಪ್ಪಿಗೆ ಪಡೆದು ಹೆರಿಗೆ ರಿಜಿಸ್ಟರ್ ಮುಂದೆ ಕೂತು ಒಂದು ವರ್ಷದ ಲೆಕ್ಕ ತೆಗೆಯಿರಿ: ಯಾವ ವಾರ, ಯಾವ ವಿಧಾನ, ಎಷ್ಟು ಗಂಟೆ, ಕೂಸು ಅತ್ತದ್ದು ಯಾವಾಗ. ಹೆಸರು ಬೇಡ. ಮೊದಲ ಕಾಲಂ ಮಾತ್ರ ಬಿಷಪ್ ಅಂಕಕ್ಕೆ ಬಿಡಿ.