ತಂತ್ರಾಂಶ ರಚನೆ: ಮೊದಲು ಯಾರನ್ನು ವಿಚಾರಿಸಬೇಕು?

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಅದಕ್ಕೆ ತಿಳಿಸುವ ಆದೇಶಗಳ ಸಮೂಹವೇ ತಂತ್ರಾಂಶ. ಹೊಸ ತಂತ್ರಾಂಶವನ್ನು ರಚಿಸಹೊರಟವರ ಮುಂದೆ ಎರಡು ದಾರಿಗಳುಂಟು. ಅಂಥದೇ ಕೆಲಸಕ್ಕಾಗಿ ಇತರರು ರಚಿಸಿರುವುದನ್ನು ಪರೀಕ್ಷಿಸುವುದು ಒಂದು. ಇದು ಪ್ರತಿಸ್ಪರ್ಧಿಗಳ ವಿಶ್ಲೇಷಣೆ. ಅದನ್ನು ಬಳಸಬೇಕಾದ ಜನರ ತೊಡಕುಗಳನ್ನು ಅರಿಯುವುದು ಇನ್ನೊಂದು. ಇದು ಗ್ರಾಹಕರ ಅಧ್ಯಯನ. ಕಾಲವೂ ಹಣವೂ ಮಿತವಾಗಿರುವಾಗ ಯಾವುದನ್ನು ಮೊದಲು ಕೈಗೊಳ್ಳಬೇಕು? ನಮ್ಮ ನಾಡಿನದೇ ಒಂದು ನಿದರ್ಶನದಿಂದ ಇದನ್ನು ವಿಚಾರ ಮಾಡೋಣ.

ಕಪಿಲೆಯ ದಡದಲ್ಲಿ ನಂಜನಗೂಡು, ಕಾವೇರಿ ಕಪಿಲೆಗಳ ಸಂಗಮದಲ್ಲಿ ತಿರುಮಕೂಡಲು ನರಸೀಪುರ ಇರುವುದಷ್ಟೆ. ಈ ತಾಲ್ಲೂಕುಗಳ ರೈತನು ಬೆಳೆಸಾಲ ಪಡೆಯಬೇಕಾದರೆ ಪಹಣಿ ಬೇಕು. ತಂದೆ ತೀರಿಕೊಂಡ ಮೇಲೆ ಜಮೀನಿನ ಖಾತೆ ಮಗನ ಹೆಸರಿಗೆ ಬರದಿದ್ದರೆ ಬಿತ್ತನೆಯ ಕಾಲಕ್ಕೆ ಸಾಲ ದೊರೆಯುವುದು ಕಷ್ಟ. ಹಿಂದೆ ಪಹಣಿಗಳೆಲ್ಲ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು.

ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸುವ ಕೇಂದ್ರ ಸರ್ಕಾರದ ಯೋಜನೆಯು 1988–89ರಲ್ಲಿಯೇ ಆರಂಭವಾಯಿತು. ಆದರೆ ಕರ್ನಾಟಕದ ಮೊದಮೊದಲ ಪ್ರಯತ್ನಗಳಲ್ಲಿ ಖಾತೆ ಬದಲಾವಣೆಗಳನ್ನು ಆಗಿಂದಾಗ್ಗೆ ಸೇರಿಸುವ ಏರ್ಪಾಡು ಇರಲಿಲ್ಲ. ತುಂಬಿಟ್ಟ ಮಾಹಿತಿಯು ಬೇಗನೆ ಹಳತಾಯಿತು. ಅಂಥ ತಂತ್ರಾಂಶವನ್ನಷ್ಟೇ ನೋಡಿ ಇನ್ನೊಂದನ್ನು ರಚಿಸಿದವನು ಏನು ಸಾಧಿಸಿಯಾನು? ಹಳೆಯ ತಪ್ಪನ್ನೇ ಹೆಚ್ಚು ಅಂದವಾಗಿ ಅಚ್ಚುಮಾಡಿ ಕೊಟ್ಟಾನು.

ಅನಂತರ ಬಂದ ‘ಭೂಮಿ’ ತಂತ್ರಾಂಶವು 2002ರ ವೇಳೆಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೆಲ್ಲ ನೆಲೆಗೊಂಡಿತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಅದರಲ್ಲಿ ಸೇರಿದವು. ಇಲ್ಲಿ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಂತೆಯೇ ಮುಂದುವರಿಯಬೇಕು. ಕೆಲಸ ಮಾಡಿದವರಾರೆಂದು ತಿಳಿಯಲು ಸಿಬ್ಬಂದಿಯ ಬೆರಳಚ್ಚನ್ನು ಯಂತ್ರವು ಗುರುತಿಸುತ್ತದೆ. ಕಚೇರಿಯ ಕಿಂಡಿಯಲ್ಲಿ ರೈತನಿಗೆ ಕಾಣುವಂತೆ ಎರಡನೆಯ ಪರದೆಯೊಂದನ್ನು ಇರಿಸಿದರು. ಇವು ಯಂತ್ರದ ಬೆಡಗಿಗಾಗಿ ಬಂದವಲ್ಲ. ವಿಳಂಬ, ಪಕ್ಷಪಾತ, ಸಂಶಯ ಎಂಬ ಬಳಕೆದಾರನ ಮೂರು ತೊಡಕುಗಳಿಗೆ ಉತ್ತರಗಳು.

ಹಾಗಾದರೆ ಇತರರ ಕೆಲಸವನ್ನು ನೋಡುವುದು ವ್ಯರ್ಥವೆ? ಅಲ್ಲ. ರೋಗಿಯು ತನ್ನ ನೋವನ್ನು ಹೇಳಬಲ್ಲನೇ ಹೊರತು ಮದ್ದನ್ನು ಹೇಳಲಾರ. ಬೆರಳಚ್ಚಿನ ಯಂತ್ರ ಬೇಕೆಂದು ಯಾವ ರೈತನೂ ಕೇಳಲಾರ. ತೊಡಕು ಯಾವುದೆಂದು ತಿಳಿಯದಿರುವಾಗ ಬಳಕೆದಾರನ ಬಳಿಗೆ ಹೋಗಬೇಕು. ಅದು ಸ್ಪಷ್ಟವಾದ ಬಳಿಕ, ಪರಿಹಾರದ ಬಗೆಗಳನ್ನು ಅರಿಯಲು ಇತರರ ಕೃತಿಗಳನ್ನು ಪರೀಕ್ಷಿಸಬೇಕು. ಬಳಕೆದಾರನನ್ನು ವಿಚಾರಿಸುವಾಗಲೂ ‘ಇದು ನಿಮಗೆ ಬೇಕೆ?’ ಎಂದರೆ ಸಾಲದು. ಮರ್ಯಾದೆಗಾಗಿಯೇ ಅನೇಕರು ಹೌದೆನ್ನುತ್ತಾರೆ. ‘ಕಳೆದ ಸಲ ಏನು ಮಾಡಿದಿರಿ? ಎಷ್ಟು ದಿನ ಅಲೆದಿರಿ?’ ಎಂದು ಕೇಳಿದರೆ ನಿಜವು ಹೊರಬೀಳುತ್ತದೆ.

ಈ ಕಾರ್ಯವು ಒಮ್ಮೆಗೆ ಮುಗಿಯತಕ್ಕದ್ದಲ್ಲ. ಪಹಣಿಗಾಗಿ ತಾಲ್ಲೂಕು ಕೇಂದ್ರದವರೆಗೆ ಹೋಗಿಬರುವುದು ದೂರದ ಹಳ್ಳಿಯವರಿಗೆ ಹೊಸದೊಂದು ಹೊರೆಯಾಯಿತು. ಮುಂದೆ ಹೋಬಳಿಯ ನಾಡಕಚೇರಿಗಳಲ್ಲಿಯೂ ಅಂತರ್ಜಾಲದಲ್ಲಿಯೂ ಅದು ದೊರೆಯುವಂತಾಯಿತು. ಒಂದು ತೊಡಕನ್ನು ಬಿಡಿಸಿದ ತಂತ್ರಾಂಶವು ಇನ್ನೊಂದನ್ನು ಹುಟ್ಟಿಸಬಹುದು. ಅದು ಮೊದಲು ಅರಿವಾಗುವುದು ಬಳಸುವವನಿಗೇ.